ಹೆಣ್ಣಾಳಿನ ಕೂಲಿ, ಊರಿಗೆ ಬಂದ ಯಂತ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ಕೃಷಿ ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೇಂದ್ರಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಹಲವರು ಪತ್ರ ಬರೆದಿದ್ದಾರೆ. ಅವರಲ್ಲಿ ಹೆಚ್ಚಿನವರು ಕೂಲಿಗೆ ಹೋಗುವ, ಇಲ್ಲವೇ ಮನೆಯ ಜಮೀನಿನಲ್ಲೇ ದುಡಿಯುವ ಹೆಣ್ಣುಮಕ್ಕಳು. ಯಂತ್ರದಿಂದ ರೈತನಿಗೆ ಎಷ್ಟು ಉಳಿಯಿತು ಎಂಬ ಲೆಕ್ಕ ಆ ಲೇಖನದಲ್ಲಿತ್ತು, ಆ ಉಳಿತಾಯ ಯಾರ ಕೂಲಿಯಿಂದ ಬಂತು ಎಂಬ ಲೆಕ್ಕ ಇರಲಿಲ್ಲ ಎಂಬುದು ಅವರ ಆಕ್ಷೇಪ. ಅದು ನ್ಯಾಯವಾದ ಆಕ್ಷೇಪ. ಈ ಬಾರಿಯ ಅಂಕಣವನ್ನು ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ. ಬರೆದವರು ಕೋರಿದಂತೆ ಹೆಸರುಗಳನ್ನು ಕೊಟ್ಟಿಲ್ಲ.

ಪ್ರಶ್ನೆ: ನಮ್ಮೂರಿನ ಹತ್ತು ಹನ್ನೆರಡು ಹೆಣ್ಣಾಳುಗಳು ಗುಂಪಾಗಿ ಕಳೆ ಕೀಳಲು, ರಾಗಿ ಕೊಯ್ಯಲು, ಆಲೂಗೆಡ್ಡೆ ಆಯಲು ಹೋಗುತ್ತಿದ್ದೆವು. ಈಗ ಆಲೂಗೆಡ್ಡೆ ಹಾಕುವವರು ಕಡಿಮೆ. ಮೆಕ್ಕೆಜೋಳ ಬಿತ್ತಿದ ಒಂದೆರಡು ದಿನಕ್ಕೇ ಕಳೆನಾಶಕ ಹೊಡೆಯುತ್ತಾರೆ, ರಾಗಿಗೆ ಕಟಾವಿನ ದೊಡ್ಡ ಯಂತ್ರ ಬರುತ್ತದೆ. ವರ್ಷದಲ್ಲಿ ನಮಗೆ ಸಿಗುತ್ತಿದ್ದ ಕೂಲಿ ದಿನಗಳು ಅರ್ಧಕ್ಕೆ ಇಳಿದಿವೆ. ಯಂತ್ರ ಬೇಡವೆಂದು ನಾವು ಹೇಳಬಹುದೇ? ಕಾಲೇಜಿಗೆ ಹೋಗುವ ನನ್ನ ಮಗಳು, "ಹಾಗಾದರೆ ಬೀಸುವ ಕಲ್ಲನ್ನೂ ವಾಪಸ್ ತರೋಣವಾ ಅಮ್ಮ?" ಎಂದು ಕೇಳುತ್ತಾಳೆ.
– ಚನ್ನರಾಯಪಟ್ಟಣ ತಾಲ್ಲೂಕಿನ ಓದುಗರು

ಉತ್ತರ: ಮೊದಲು ನಿಮ್ಮ ಮಗಳ ಮಾತಿಗೆ ಉತ್ತರ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯ ಗಂಟು ಅಲ್ಲೇ ಇದೆ. ಕೋಳಿ ಕೂಗುವ ಹೊತ್ತಿಗೆ ಎದ್ದು ರಾಗಿ ಬೀಸುತ್ತಿದ್ದ ಹೆಂಗಸಿಗೆ ಅದಕ್ಕಾಗಿ ಯಾರೂ ಕೂಲಿ ಕೊಡುತ್ತಿರಲಿಲ್ಲ. ಊರಿಗೆ ಹಿಟ್ಟಿನ ಗಿರಣಿ ಬಂದಾಗ ಆಕೆ ಕಳೆದುಕೊಂಡದ್ದು ತೋಳಿನ ನೋವನ್ನು ಮಾತ್ರ. ರಾಗಿ ಕೊಯ್ಲಿಗೆ ಹೋಗುತ್ತಿದ್ದ ನಿಮಗೆ ಸಂಜೆ ಕೈಗೆ ದುಡ್ಡು ಬರುತ್ತಿತ್ತು, ಆ ದುಡ್ಡಿನಲ್ಲಿ ಮಗಳ ಶುಲ್ಕವೂ ಇತ್ತು. ಕಟಾವು ಯಂತ್ರ ಬಂದಾಗ ಸೊಂಟದ ನೋವಿನ ಜೊತೆಗೆ ಆ ದುಡ್ಡೂ ಹೋಯಿತು. ಗಿರಣಿಯೂ ಕಟಾವು ಯಂತ್ರವೂ ಶ್ರಮವನ್ನು ಉಳಿಸುವ ಸಾಧನಗಳೇ. ಆದರೆ ಕೂಲಿಯಿಲ್ಲದ ದುಡಿಮೆಯನ್ನು ತೆಗೆಯುವ ಯಂತ್ರವನ್ನು ಎರಡು ಮಾತಿಲ್ಲದೆ ಬರಮಾಡಿಕೊಳ್ಳಬೇಕು, ಕೂಲಿಯಿರುವ ದುಡಿಮೆಯನ್ನು ತೆಗೆಯುವ ಯಂತ್ರದ ವಿಷಯದಲ್ಲಿ ಅದರ ಒಡೆತನ ಯಾರದು, ನಡೆಸುವವರು ಯಾರು ಎಂದು ಕೇಳಲೇಬೇಕು. ನಿಮ್ಮ ಮಗಳಿಗೆ ಈ ವ್ಯತ್ಯಾಸವನ್ನು ತಿಳಿಸಿಹೇಳಿದರೆ ಆಕೆ ಖಂಡಿತ ಒಪ್ಪುತ್ತಾಳೆ.

ಕೆಲವೊಮ್ಮೆ ಒಂದೇ ಯಂತ್ರ ಎರಡನ್ನೂ ಮಾಡುತ್ತದೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಭತ್ತ ಕುಟ್ಟುವುದಕ್ಕೆ, ಕಾಲಿನಿಂದ ತುಳಿದು ಎತ್ತಿ ಬೀಳಿಸುವ ಢೇಕಿ ಎಂಬ ಮರದ ಒನಕೆ ಇತ್ತು. ಜಮೀನಿದ್ದ ಮನೆಯ ಹೆಂಗಸರು ತಮ್ಮ ಭತ್ತವನ್ನು ತಾವೇ ಕುಟ್ಟಿಕೊಳ್ಳುತ್ತಿದ್ದರು. ಜಮೀನಿಲ್ಲದ ಮನೆಯವರು ಅನುಕೂಲಸ್ಥರ ಮನೆಗೆ ಹೋಗಿ ಕುಟ್ಟಿ, ಅಕ್ಕಿಯ ಒಂದು ಪಾಲನ್ನು ಕೂಲಿಯಾಗಿ ತರುತ್ತಿದ್ದರು. 1970 ಮತ್ತು 80ರ ದಶಕಗಳಲ್ಲಿ ಸಣ್ಣ ಅಕ್ಕಿ ಗಿರಣಿಗಳು ಹಬ್ಬಿದಾಗ ಮೊದಲಿನವರಿಗೆ ದೊಡ್ಡ ಹೊರೆ ಇಳಿಯಿತು, ಎರಡನೆಯವರಿಗೆ ಹೊಟ್ಟೆಪಾಡು ತಪ್ಪಿತು. ಹೆಂಗಸರು ಹೊಲಕ್ಕೆ ಕೂಲಿಗೆ ಹೋಗುವ ರೂಢಿ ಕಡಿಮೆಯಿದ್ದ ಆ ಊರುಗಳಲ್ಲಿ ಅವರಿಗೆ ಬೇರೆ ಕೆಲಸವೂ ಸುಲಭವಾಗಿ ಸಿಗಲಿಲ್ಲ. ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿಯೂ 1970ರ ದಶಕದಲ್ಲಿ ಅಕ್ಕಿ ಗಿರಣಿಗಳು ಬಂದು ಕೈಕುಟ್ಟಿನ ಕೆಲಸ ಕೆಲವೇ ವರ್ಷಗಳಲ್ಲಿ ಕುಸಿಯಿತು. ಅಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಅಂಗೈಯೊಳಗೆ ಅಡಗುವ ಅನಿ-ಅನಿ ಎಂಬ ಪುಟ್ಟ ಚಾಕುವಿನಿಂದ ಒಂದೊಂದೇ ತೆನೆಯನ್ನು ಕೊಯ್ಯುವುದು ಅಲ್ಲಿ ಹೆಂಗಸರ ಕೆಲಸವಾಗಿತ್ತು. ಗಿಡ್ಡ ತಳಿಯ ಭತ್ತ ಬಂದು ಕುಡುಗೋಲು ಬಳಕೆಗೆ ಬಂದ ಮೇಲೆ, ನಿಂತ ಪೈರನ್ನೇ ಕೊಳ್ಳುವ ವ್ಯಾಪಾರಿಗಳು ಕಡಿಮೆ ಜನರನ್ನು, ಅದರಲ್ಲೂ ಗಂಡಸರನ್ನು, ಕೊಯ್ಲಿಗೆ ಕರೆತರತೊಡಗಿದರು. ಕುಡುಗೋಲು ಎಂಜಿನ್ ಇರುವ ಯಂತ್ರವೇನಲ್ಲ, ಆದರೂ ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವುದಕ್ಕೆ ಅಷ್ಟೇ ಸಾಕಾಯಿತು.

ನಮ್ಮ ಕಡೆ ಹೆಣ್ಣಾಳಿನ ಕೂಲಿಯನ್ನು ಅತಿ ಹೆಚ್ಚು ಕಿತ್ತುಕೊಂಡದ್ದು ಟ್ರ್ಯಾಕ್ಟರ್ ಅಲ್ಲವೆಂದೇ ನನ್ನ ಎಣಿಕೆ. ಉಳುಮೆ ಮೊದಲಿನಿಂದಲೂ ಗಂಡಾಳಿನ ಕೆಲಸವಾಗಿತ್ತು. ಕಳೆನಾಶಕದ ಬಾಟಲಿಯನ್ನು ಯಾರೂ ಯಂತ್ರವೆಂದು ಕರೆಯುವುದಿಲ್ಲ, ಕೃಷಿ ಮೇಳದಲ್ಲಿ ಅದಕ್ಕೆ ಹೂವಿನ ಹಾರ ಹಾಕಿ ಉದ್ಘಾಟನೆಯೂ ಆಗುವುದಿಲ್ಲ. ಆದರೆ ಒಂದು ಎಕರೆ ಮೆಕ್ಕೆಜೋಳದಲ್ಲಿ ಹೆಂಗಸರು ದಿನಗಟ್ಟಲೆ ಕೂತು ಕೀಳುತ್ತಿದ್ದ ಕಳೆಯನ್ನು ಬೆನ್ನಿಗೆ ಸ್ಪ್ರೇಯರ್ ಕಟ್ಟಿಕೊಂಡ ಒಬ್ಬ ಗಂಡಸು ಒಂದು ಬೆಳಗಿನಲ್ಲಿ ಮುಗಿಸುತ್ತಾನೆ. ಕೆಲಸ ಹೊಸ ಸಾಧನಕ್ಕೆ ದಾಟುವಾಗ ಗಂಡಸಿನ ಕೈಗೂ ದಾಟುವುದು ಹೀಗೆ. ಇದಕ್ಕೆ ಕಾರಣ ಹೆಂಗಸರಿಗೆ ಕಲಿಯಲು ಬಾರದು ಎಂಬುದಲ್ಲ. ಸಹಾಯಧನದ ಅರ್ಜಿಗೆ ಪಹಣಿ ಬೇಕು, ಪಹಣಿ ಗಂಡನ ಇಲ್ಲವೇ ಮಾವನ ಹೆಸರಿನಲ್ಲಿರುತ್ತದೆ. ತರಬೇತಿ ನಡೆಯುವುದು ತಾಲ್ಲೂಕು ಕೇಂದ್ರದಲ್ಲಿ, ಹಾಲು ಕರೆಯುವ ಹೊತ್ತಿಗೆ ಬಸ್ಸು ಹತ್ತಬೇಕಾಗುತ್ತದೆ. ಅಭಿವೃದ್ಧಿಶೀಲ ದೇಶಗಳ ಕೃಷಿಯಲ್ಲಿ ದುಡಿಯುವವರಲ್ಲಿ ಸರಾಸರಿ ಶೇಕಡ 43ರಷ್ಟು ಮಂದಿ ಹೆಂಗಸರು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2011ರಲ್ಲೇ ಹೇಳಿತ್ತು. ಯಂತ್ರವನ್ನು ಮಾರುವವರು ಮಾತ್ರ ಇಂದಿಗೂ ಮನೆಯ ಯಜಮಾನನನ್ನೇ ಕರೆದು ಮಾತನಾಡಿಸುತ್ತಾರೆ.

ನೀವು ಬರೆಯದೆ ಬಿಟ್ಟ ಒಂದು ನಷ್ಟವನ್ನು ನಾನು ಸೇರಿಸುತ್ತೇನೆ. ದೊಡ್ಡ ಕಟಾವು ಯಂತ್ರ ರಾಗಿಯ ಪೈರನ್ನು ಬುಡದವರೆಗೆ ಕೊಯ್ಯುವುದಿಲ್ಲ. ಮೊಳಕಾಲುದ್ದದ ಕೂಳೆ ಹೊಲದಲ್ಲೇ ನಿಲ್ಲುತ್ತದೆ, ಯಂತ್ರದೊಳಗೆ ಹೋದ ಹುಲ್ಲು ನುಜ್ಜುಗುಜ್ಜಾಗಿ ಹಿಂದಕ್ಕೆ ಬೀಳುತ್ತದೆ, ಮಂಜು ಬಿದ್ದರೆ ಅದು ಮೇವಿಗೂ ಬಾರದು. ಕೈಯಲ್ಲಿ ಕೊಯ್ದು ಹೊರೆ ಕಟ್ಟಿ ಬಣವೆ ಒಟ್ಟಿದ ಹುಲ್ಲು ಬೇಸಿಗೆ ದಾಟುವವರೆಗೂ ಹಸುವಿಗೆ ಆಗುತ್ತಿತ್ತು. ಹಾಸನ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಡೇರಿಗೆ ಹಾಕುವ ಹಾಲು ಹೆಂಗಸಿನ ದುಡಿಮೆ. ಕಟಾವಿನಲ್ಲಿ ಯಜಮಾನ ಉಳಿಸಿದ ಹಣವನ್ನು ಮಾರ್ಚಿಯಲ್ಲಿ ಮೇವು ಕೊಳ್ಳಲು ಆಕೆ ಖರ್ಚು ಮಾಡುತ್ತಾಳೆ, ಆದರೆ ಈ ಎರಡು ಲೆಕ್ಕಗಳನ್ನು ಮನೆಯಲ್ಲಿ ಯಾರೂ ಒಟ್ಟಿಗೆ ಕೂಡಿ ನೋಡುವುದಿಲ್ಲ.

ಇನ್ನು, ಬೇಡವೆಂದು ಹೇಳಬಹುದೇ ಎಂಬ ಪ್ರಶ್ನೆ. ಹೇಳುವ ಹಕ್ಕು ನಿಮಗಿದೆ, ಆದರೆ ಬರಿದೇ ಬೇಡವೆಂದರೆ ಏನಾಗುತ್ತದೆ ಎಂಬುದಕ್ಕೆ ಕೇರಳದ ತೆಂಗಿನ ನಾರಿನ ಉದ್ಯಮವನ್ನು ನೋಡಬೇಕು. ಕೊಳೆಸಿದ ತೆಂಗಿನ ಸಿಪ್ಪೆಯನ್ನು ಬಡಿದು ನಾರು ತೆಗೆಯುವ ಕೆಲಸದಲ್ಲಿದ್ದ ಹೆಂಗಸರ ಜೀವನ ಹೋಗುತ್ತದೆಂದು ಅಲ್ಲಿನ ಕಾರ್ಮಿಕ ಸಂಘಗಳು ನಾರು ಬಿಡಿಸುವ ಯಂತ್ರಗಳನ್ನು ಬಹಳ ವರ್ಷ ತಡೆದು ನಿಲ್ಲಿಸಿದವು. ಆ ಭಯಕ್ಕೆ ಆಧಾರವಿತ್ತು. ಆದರೆ ಅಷ್ಟರಲ್ಲಿ ತಮಿಳುನಾಡಿನಲ್ಲಿ ಯಂತ್ರದ ನಾರು ಬೆಳೆದು, ಕೇರಳವೇ ಅಲ್ಲಿಂದ ನಾರು ತರಿಸಿಕೊಳ್ಳುವಂತಾಯಿತು. ನಿಮ್ಮೂರಿನಲ್ಲಿ ಯಂತ್ರವನ್ನು ತಡೆದರೆ ರೈತರು ರಾಗಿಯನ್ನೇ ಬಿಟ್ಟು ಆಳು ಬೇಡದ ಬೆಳೆಗೆ ಹೋಗಬಹುದು. ಆಲೂಗೆಡ್ಡೆಯ ಹೊಲಗಳು ಮೆಕ್ಕೆಜೋಳಕ್ಕೆ ತಿರುಗಿದ್ದಕ್ಕೆ ಅಂಗಮಾರಿ ರೋಗ ಮತ್ತು ಬಿತ್ತನೆ ಗೆಡ್ಡೆಯ ಬೆಲೆಯ ಜೊತೆಗೆ ಆಳಿನ ಚಿಂತೆಯೂ ಒಂದು ಕಾರಣ.

ಆದ್ದರಿಂದ ನನ್ನ ಸಲಹೆ ಇದು: ನೀವು ಹತ್ತು ಹನ್ನೆರಡು ಜನ ಈಗಾಗಲೇ ಒಂದು ಗುಂಪು. ಆ ಗುಂಪು ದಿನಗೂಲಿಯನ್ನು ಬಿಟ್ಟು, ಕೊಯ್ಲನ್ನು ಎಕರೆ ಲೆಕ್ಕದಲ್ಲಿ ಗುತ್ತಿಗೆ ಹಿಡಿಯಲಿ, ಮತ್ತು ನಡೆದುಕೊಂಡು ಓಡಿಸುವ ಸಣ್ಣ ಕಟಾವು ಯಂತ್ರವನ್ನು, ಅಂದರೆ ರೀಪರನ್ನು, ಮೊದಲು ಬಾಡಿಗೆಗೂ ಆಮೇಲೆ ಸ್ವಂತಕ್ಕೂ ಪಡೆಯಲಿ. ರೀಪರ್ ಪೈರನ್ನು ಬುಡದ ಸಮೀಪ ಕೊಯ್ದು ಸಾಲಾಗಿ ಮಲಗಿಸುತ್ತದೆ, ಹುಲ್ಲು ಇಡಿಯಾಗಿ ಉಳಿಯುತ್ತದೆ, ಕಟ್ಟು ಕಟ್ಟುವ, ಮೆದೆ ಹಾಕುವ ಕೆಲಸ ನಿಮಗೇ ಉಳಿಯುತ್ತದೆ. ಬಾಗಿ ಕೊಯ್ಯುವ ಯಾತನೆ ಮಾತ್ರ ಹೋಗುತ್ತದೆ. ಮಳೆಗೆ ಮಲಗಿದ ಪೈರಿಗೆ ಅದು ಆಗಿಬರುವುದಿಲ್ಲ, ಅಂಥ ಹೊಲಕ್ಕೆ ಕುಡುಗೋಲೇ ಬೇಕು, ಅದಕ್ಕೆ ದರವನ್ನೂ ಬೇರೆಯಾಗಿಯೇ ಮಾತನಾಡಬೇಕು. ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನದಲ್ಲಿ ಸಾಮಾನ್ಯ ರೈತರಿಗೆ ಶೇಕಡ 40ರಷ್ಟಿರುವ ಸಹಾಯಧನ ಮಹಿಳೆಯರಿಗೆ, ಸಣ್ಣ ಮತ್ತು ಅತಿಸಣ್ಣ ರೈತರಿಗೆ ಶೇಕಡ 50ರವರೆಗೆ ಇದೆ. ಗುಂಪಿನಲ್ಲಿ ಯಾರ ಹೆಸರಿನಲ್ಲಾದರೂ ಅಥವಾ ಜಂಟಿಯಾಗಿ ಪಹಣಿ ಇದ್ದರೆ ಆ ಅರ್ಜಿ ಅವರ ಹೆಸರಿನಿಂದಲೇ ಹೋಗಲಿ. ಕಳೆನಾಶಕದಿಂದ ಹೋದ ದಿನಗಳು ಹೀಗೆ ಮರಳಿ ಬರುವುದಿಲ್ಲ, ಆ ಮಾತನ್ನು ಮುಚ್ಚಿಡಲಾರೆ. ಕಳೆ ಕೀಳಲು ಹೋಗುತ್ತಿದ್ದ ಆ ತಿಂಗಳುಗಳಿಗೆ ಉದ್ಯೋಗ ಖಾತರಿಯ ಕಾಮಗಾರಿಯನ್ನು ಮುಂಚಿತವಾಗಿಯೇ ಗ್ರಾಮಸಭೆಯಲ್ಲಿ ಬರವಣಿಗೆಯ ಮೂಲಕ ಕೇಳಿ, ಸ್ವೀಕೃತಿ ಪಡೆಯಿರಿ.

ಪ್ರಶ್ನೆ: ಅಡಿಕೆ ಸುಗ್ಗಿಯಲ್ಲಿ ರಾತ್ರಿಯವರೆಗೂ ಕೂತು ಸುಲಿದು, ನಾಲ್ಕು ಕಾಸು ಕಾಣುತ್ತಿದ್ದೆವು. ಈಗ ಎಲ್ಲ ಮನೆಗೂ ಸುಲಿಯುವ ಯಂತ್ರ ಬರುತ್ತದೆ. ಕಷ್ಟ ತಪ್ಪಿತೆಂದು ಸಂತೋಷಪಡಬೇಕೋ, ದುಡಿಮೆ ಹೋಯಿತೆಂದು ಅಳಬೇಕೋ ತಿಳಿಯದು.
– ಕೊಪ್ಪ ತಾಲ್ಲೂಕಿನ ಓದುಗರು

ಉತ್ತರ: ಎರಡೂ ಭಾವ ಸಹಜ, ಒಂದನ್ನು ಬಿಡಬೇಕಾಗಿಲ್ಲ. ಅಡಿಕೆ ಸುಲಿಯುವ ಕೆಲಸವನ್ನು ನೋಡಿದವರಿಗೆ ಅದರ ಕಷ್ಟ ಗೊತ್ತು. ಜಗಲಿಯಲ್ಲಿ ಸಾಲಾಗಿ ಮೆಟ್ಟುಗತ್ತಿಗಳು, ಹಲಗೆಯನ್ನು ಕಾಲಿನಿಂದ ಒತ್ತಿಹಿಡಿದು, ಮೇಲ್ಮುಖವಾಗಿ ನಿಂತ ಅಲಗಿಗೆ ಕಾಯನ್ನು ಒತ್ತಿ ಸಿಪ್ಪೆಯನ್ನು ಸೀಳಿ ತಿರುಗಿಸುವ ಕೈಗಳು. ಹಸಿ ಅಡಿಕೆಯ ಚೊಗರಿನಿಂದ ಬೆರಳು ಕಪ್ಪಾಗಿ ಒಡೆಯುತ್ತಿದ್ದವು, ಉಪ್ಪು ಖಾರ ತಗುಲಿದರೆ ಊಟದ ಹೊತ್ತಿಗೆ ಕಣ್ಣಲ್ಲಿ ನೀರು. ಕೊಯ್ದ ಕಾಯನ್ನು ತಡಮಾಡದೆ ಸುಲಿದು ಬೇಯಿಸಬೇಕಾದ್ದರಿಂದ ರಾತ್ರಿಯಾದರೂ ಏಳುವಂತಿರಲಿಲ್ಲ. ಆದರೆ ಡಬ್ಬದ ಲೆಕ್ಕದಲ್ಲಿ ಸಿಗುತ್ತಿದ್ದ ಆ ಕೂಲಿಯಲ್ಲಿ ಕೈಚಳಕ ಇದ್ದವರಿಗೆ ಗಂಡಾಳಿಗಿಂತ ಹೆಚ್ಚು ಸಿಗುತ್ತಿದ್ದುದೂ ಉಂಟು. ಮಲೆನಾಡಿನಲ್ಲಿ ಹೆಂಗಸಿನ ಚಳಕಕ್ಕೆ ನೇರವಾಗಿ ಬೆಲೆ ಕಟ್ಟುತ್ತಿದ್ದ ಕೆಲಸಗಳು ಹೆಚ್ಚಿರಲಿಲ್ಲ. ಈಗ ಯಂತ್ರವನ್ನು ಗಾಡಿಯಲ್ಲಿ ಹೇರಿಕೊಂಡು ಬರುವ ಗುಂಪುಗಳಲ್ಲಿ ಹೆಚ್ಚಿನವರು ಗಂಡಸರೇ.

ಪಶ್ಚಿಮ ಆಫ್ರಿಕದಲ್ಲಿ ಮರಗೆಣಸನ್ನು ತುರಿದು, ಹುಳಿ ಬರಿಸಿ, ಹುರಿದು ಗಾರಿ ಎಂಬ ಆಹಾರ ಮಾಡುತ್ತಾರೆ. ತುರಿಯುವ ಯಂತ್ರ ಬಂದಾಗ ಬಹಳ ಕಡೆ ಅದರ ಒಡೆಯರು ಗಂಡಸರಾದರು. ಆದರೆ ಗಾರಿ ಮಾಡಿ ಮಾರುವ ವ್ಯಾಪಾರ ಹೆಂಗಸರದ್ದೇ ಆಗಿದ್ದರಿಂದ ಅವರು ತುರಿಯುವುದಕ್ಕೆ ಬಾಡಿಗೆ ಕೊಟ್ಟು, ಉಳಿದ ಹೊತ್ತಿನಲ್ಲಿ ಹೆಚ್ಚು ಗಾರಿ ಮಾಡಿ ಮಾರಿದರು. ಸಿಪ್ಪೆ ಹೆರೆಯುವ ಕೆಲಸ ಮಾತ್ರ ಕೈಯಲ್ಲೇ ಉಳಿದು ಅದರ ಹೊರೆ ಹೆಚ್ಚಾಯಿತು. ಇದರಲ್ಲಿ ನಿಮಗೆ ಉಪಯೋಗಕ್ಕೆ ಬರುವ ಸಂಗತಿ ಎಂದರೆ, ಯಂತ್ರ ಒಂದು ಹಂತವನ್ನು ಮಾತ್ರ ತೆಗೆದುಕೊಂಡಿದೆ. ಅಡಿಕೆಯನ್ನು ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ಆರಿಸಿ ಬೇರೆ ಮಾಡುವ ಕಣ್ಣು ಇನ್ನೂ ನಿಮ್ಮದೇ, ಬೆಳೆಗಾರರಿಗೆ ದರ ಸಿಗುವುದು ಆ ಆಯ್ಕೆಯ ಮೇಲೆಯೇ. ಅದನ್ನು ಇಂದಿಗೂ ಬಿಡುವಿನ ಕೆಲಸವೆಂದು ದಿನಗೂಲಿಗೆ ಮಾಡಿಸುತ್ತಾರೆ. ಸುಲಿಯುವುದಕ್ಕೆ ಡಬ್ಬದ ಲೆಕ್ಕವಿದ್ದಂತೆ ಆರಿಸುವುದಕ್ಕೂ ತೂಕದ ಲೆಕ್ಕದಲ್ಲಿ ದರ ಕೇಳಿ. ನಾಲ್ಕು ಮನೆಯವರು ಒಟ್ಟಾಗಿ ಕೇಳಿದರೆ ಇಲ್ಲವೆನ್ನುವುದು ಕಷ್ಟ.

ಪ್ರಶ್ನೆ: ಗ್ಯಾಸ್, ಮಿಕ್ಸಿ, ಮನೆ ಬಾಗಿಲಿಗೆ ನಲ್ಲಿ ಎಲ್ಲ ಬಂದ ಮೇಲೆ ನಿಮಗೆ ಏನು ಕೆಲಸವಿದೆ ಎಂದು ನಮ್ಮತ್ತೆ ಕೇಳುತ್ತಾರೆ. ಆದರೂ ನನಗೆ ಬಿಡುವಿಲ್ಲ. ಇದು ನನ್ನ ಸೋಮಾರಿತನವೇ?
– ಕಡೂರು ತಾಲ್ಲೂಕಿನ ಓದುಗರು

ಉತ್ತರ: ಅಲ್ಲ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಅದೇ ಕೆಲಸ ಮಾಡುವ ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಆ ಅಂಕಿಗಳು 289 ಮತ್ತು 88. ಐದು ವರ್ಷಗಳಲ್ಲಿ ಹೆಂಗಸಿಗೆ ಉಳಿದದ್ದು ಹತ್ತು ನಿಮಿಷ, ಗಂಡಸಿಗೂ ಹೆಚ್ಚುಕಡಿಮೆ ಅಷ್ಟೇ ಉಳಿದಿದೆ. ಸಾಧನಗಳು ಒಂದೊಂದು ಕೆಲಸದ ಶ್ರಮವನ್ನು ಇಳಿಸಿವೆ, ಆದರೆ ಉಳಿದ ಹೊತ್ತನ್ನು ಹಸು, ಮಕ್ಕಳ ಶಾಲೆ, ವಯಸ್ಸಾದವರ ಆರೈಕೆ ತುಂಬಿಕೊಂಡಿವೆ. ನಿಮ್ಮತ್ತೆಯವರು ನೀರು ಸೇದಿ, ಕಟ್ಟಿಗೆ ಹೊತ್ತು, ಬೀಸಿ ಕುಟ್ಟಿ ಸಂಸಾರ ನಡೆಸಿದವರು. ಅವರ ಕಷ್ಟವನ್ನು ಕೇಳಿಸಿಕೊಂಡ ಮೇಲೆ ನಿಮ್ಮ ದಿನವನ್ನು ಅವರೆದುರು ಗಂಟೆಗಂಟೆಯಾಗಿ ಹೇಳಿ ನೋಡಿ. ಮನೆಯ ಗಂಡಸರೂ ಆ ಹೊತ್ತಿಗೆ ಅಲ್ಲೇ ಕೂತಿದ್ದರೆ ಒಳ್ಳೆಯದು.

ಪ್ರಶ್ನೆ: ನಾನು ಕಾಫಿ ಬೆಳೆಗಾರ. ಆಳುಗಳು ಸಿಗದೆ ಕಳೆ ಕತ್ತರಿಸುವ ಯಂತ್ರ ತಂದಿದ್ದೇನೆ. ಹೆಣ್ಣಾಳುಗಳ ಕೆಲಸ ಕಿತ್ತುಕೊಂಡೆ ಎಂದು ಮಗಳೇ ನನ್ನನ್ನು ದೂರುತ್ತಾಳೆ. ಆಳೇ ಸಿಗದ ಮೇಲೆ ಕಿತ್ತುಕೊಳ್ಳುವ ಮಾತೆಲ್ಲಿ?
– ಮೂಡಿಗೆರೆಯ ಓದುಗರು

ಉತ್ತರ: ಯಂತ್ರ ತಂದದ್ದರಲ್ಲಿ ತಪ್ಪಿಲ್ಲ. ಮುಂಗಾರಿನ ಜಡಿಮಳೆಯಲ್ಲಿ ಜಿಗಣೆಗಳ ನಡುವೆ ಬಾಗಿ ಕಳೆ ಹೊಡೆಯುವುದನ್ನು ಯಾರ ಮೇಲೂ ಹೇರಬೇಕಾಗಿಲ್ಲ, ಇಳಿಜಾರಿನಲ್ಲಿ ವಿಷ ಹೊಡೆದು ಮಣ್ಣನ್ನು ಬತ್ತಲೆ ಮಾಡುವುದಕ್ಕಿಂತ ಯಂತ್ರದಿಂದ ಕತ್ತರಿಸಿದ ಹಸಿರು ನೆಲದಲ್ಲೇ ಬೀಳುವುದು ತೋಟಕ್ಕೂ ಒಳ್ಳೆಯದು. ಆದರೆ ಆಳು ಸಿಗದಿರುವುದಕ್ಕೂ ಯಂತ್ರ ತಂದದ್ದಕ್ಕೂ ನೀವು ಹಾಕಿರುವ ಸಂಬಂಧವನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು. ಬ್ರೆಜಿಲಿನ ಬಯಲು ತೋಟಗಳಲ್ಲಿ ಸಾಲಿನ ಮೇಲೆ ಓಡಾಡಿ ಹಣ್ಣು ಉದುರಿಸುವ ದೊಡ್ಡ ಯಂತ್ರಗಳಿವೆ. ನಮ್ಮ ಇಳಿಜಾರಿನಲ್ಲಿ, ನೆರಳಿನ ಮರಗಳ ಕೆಳಗೆ, ಒಂದೇ ಗಿಡದಲ್ಲಿ ಹಣ್ಣನ್ನು ಬಿಡಿಸಿ ಕಾಯನ್ನು ಬಿಡಬೇಕಾದ ಅರೇಬಿಕಾ ಕೊಯ್ಲಿಗೆ ಅವು ಒಗ್ಗುವುದಿಲ್ಲ. ನವೆಂಬರಿನಿಂದ ನಿಮಗೆ ಆ ಕೈಗಳೇ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಳೆಯ ಕೆಲಸವಿಲ್ಲವೆಂದು ಮನೆಗೆ ಕಳುಹಿಸಿದ ಹೆಂಗಸು ನಾಲ್ಕು ತಿಂಗಳು ಒಲೆ ಹಚ್ಚುವುದಕ್ಕೆ ಬೇರೆ ದಾರಿ ಹುಡುಕಿಕೊಳ್ಳುತ್ತಾಳೆ, ಪಟ್ಟಣದ ಗಾರ್ಮೆಂಟ್ಸ್‌ಗೋ ಮನೆಗೆಲಸಕ್ಕೋ ಸೇರಿದವಳು ಕೊಯ್ಲಿಗೆಂದು ಹಿಂತಿರುಗುವುದಿಲ್ಲ. ಆಗ ನೀವು ಹೊರ ರಾಜ್ಯದಿಂದ ಆಳು ಕರೆಸಬೇಕಾಗುತ್ತದೆ.

ಹಾಗಾಗಿ ಆ ಯಂತ್ರವನ್ನು ನಿಮ್ಮ ತೋಟದ ಹೆಂಗಸರಿಗೇ ಕಲಿಸಿ ಎಂದು ನನ್ನ ಕೋರಿಕೆ. ಭಾರವಾದ ಎಂಜಿನ್ ಯಂತ್ರದ ಬದಲು ಹಗುರವಾದದ್ದನ್ನು, ಬ್ಯಾಟರಿಯದ್ದಾದರೆ ಇನ್ನೂ ಅನುಕೂಲ, ಎರಡೂ ಹೆಗಲಿಗೆ ಭಾರ ಹಂಚುವ ಪಟ್ಟಿಯ ಸಮೇತ ಕೊಳ್ಳಿ. ಹಿಡಿಕೆಯನ್ನು ಅವರ ಎತ್ತರಕ್ಕೆ ಇಳಿಸಿ ಬಿಗಿಸಿ, ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಕೊಡಿ. ಮತ್ತು ಯಂತ್ರ ಹಿಡಿದ ಗಂಡಾಳಿಗೆ ಕೊಡುವಷ್ಟೇ ಕೂಲಿಯನ್ನು ಅವರಿಗೂ ಕೊಡಿ. ಒಂದೇ ಕೆಲಸಕ್ಕೆ ಹೆಣ್ಣಿಗೂ ಗಂಡಿಗೂ ಒಂದೇ ಕೂಲಿ ಎಂದು ನಮ್ಮ ದೇಶದಲ್ಲಿ 1976ರಲ್ಲೇ ಕಾನೂನಾಗಿದ್ದರೂ, ಜಗತ್ತಿನಾದ್ಯಂತ ಕೃಷಿ ಕೂಲಿಯಲ್ಲಿ ಗಂಡಸಿನ ಒಂದು ಡಾಲರಿಗೆ ಹೆಂಗಸಿಗೆ ಸಿಗುವುದು 82 ಸೆಂಟ್ ಎಂದು 2023ರಲ್ಲಿ ಆಹಾರ ಮತ್ತು ಕೃಷಿ ಸಂಸ್ಥೆ ವರದಿ ಮಾಡಿದೆ. ನಿಮ್ಮ ಮಗಳ ದೂರಿಗೆ ನಿಮ್ಮ ಕೂಲಿ ಪುಸ್ತಕದಲ್ಲೇ ಉತ್ತರ ಕೊಡುವುದಕ್ಕೆ ನಿಮಗೆ ಅವಕಾಶವಿದೆ.

ಪ್ರಶ್ನೆ: ನಮ್ಮ ಸ್ತ್ರೀಶಕ್ತಿ ಸಂಘದ ಉಳಿತಾಯದಿಂದ ಹಿಟ್ಟಿನ ಗಿರಣಿ ಹಾಕಬೇಕೆಂದಿದ್ದೇವೆ. ಸಂಘದಲ್ಲಿ ಕೆಲವರು ಬೇಡವೆನ್ನುತ್ತಾರೆ. ಏನು ನೋಡಿಕೊಳ್ಳಬೇಕು? ಸಹಾಯ ಎಲ್ಲಿ ಸಿಗುತ್ತದೆ?
– ಅರಕಲಗೂಡು ತಾಲ್ಲೂಕಿನ ಸಂಘದ ಸದಸ್ಯೆ

ಉತ್ತರ: ಹಾಕಿ ಎಂದೇ ಹೇಳುತ್ತೇನೆ. ಪಶ್ಚಿಮ ಆಫ್ರಿಕದ ಮಾಲಿ ದೇಶದಲ್ಲಿ 1990ರ ದಶಕದಲ್ಲಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ನೆರವಿನಿಂದ ಒಂದು ಪ್ರಯೋಗ ಆರಂಭವಾಯಿತು. ಒಂದೇ ಡೀಸೆಲ್ ಎಂಜಿನ್‌ಗೆ ಹಿಟ್ಟಿನ ಗಿರಣಿ, ಸಿಪ್ಪೆ ತೆಗೆಯುವ ಯಂತ್ರ, ಬ್ಯಾಟರಿ ಚಾರ್ಜ್ ಮಾಡುವ ಸಾಧನಗಳನ್ನು ಜೋಡಿಸಿ ಹಳ್ಳಿಗೆ ಕೊಡುತ್ತಿದ್ದರು. ಹಳ್ಳಿಯ ಮಹಿಳಾ ಸಂಘ ತಾನಾಗಿ ಕೋರಬೇಕು, ತನ್ನ ಪಾಲಿನ ಹಣ ಹಾಕಬೇಕು, ಒಡೆತನ ಸಂಘದ್ದಾಗಿರಬೇಕು ಎಂಬುದು ಅದರ ಷರತ್ತು. ಅದಕ್ಕಾಗಿ ಹೆಂಗಸರಿಗೆ ಓದು, ಬರಹ, ಲೆಕ್ಕವನ್ನೂ ಕಲಿಸಿದರು. ಒನಕೆ ಹಿಡಿದು ಧಾನ್ಯ ಕುಟ್ಟುತ್ತಿದ್ದ ಗಂಟೆಗಳು ಉಳಿದವು, ನಡೆಸುವವರಿಗೆ ಕೂಲಿಯೂ ಸಿಕ್ಕಿತು. ತೊಂದರೆ ಬಂದದ್ದು ಇಂಧನದ ಬೆಲೆ ಮತ್ತು ದುರಸ್ತಿಯಲ್ಲಿ. ನೀವು ಮೊದಲೇ ಲೆಕ್ಕ ಹಾಕಬೇಕಾದದ್ದೂ ಅವೇ.

ಒಂದು ಮಾದರಿ ಲೆಕ್ಕ ಕೊಡುತ್ತೇನೆ, ಅಂಕಿಗಳನ್ನು ನಿಮ್ಮೂರಿಗೆ ತಕ್ಕಂತೆ ಬದಲಿಸಿಕೊಳ್ಳಿ. 3 ಅಶ್ವಶಕ್ತಿಯ ಗಿರಣಿ ಗಂಟೆಗೆ 25 ಕಿಲೋದಂತೆ ನಾಲ್ಕು ಗಂಟೆ ಓಡಿ ದಿನಕ್ಕೆ 100 ಕಿಲೋ ಬೀಸಿತು, ಕಿಲೋಗೆ 5 ರೂಪಾಯಿ ಎಂದಿಟ್ಟುಕೊಳ್ಳಿ. ಬಂದದ್ದು 500 ರೂಪಾಯಿ. ವಿದ್ಯುತ್ ಸುಮಾರು 9 ಯೂನಿಟ್, ಯೂನಿಟ್‌ಗೆ 10 ರೂಪಾಯಿಯಂತೆ 90. ನಡೆಸುವ ಸದಸ್ಯೆಗೆ 250. ಬೆಲ್ಟ್, ಗ್ರೀಸ್, ಕಲ್ಲಿಗೆ ಟಂಕಿ ಹೊಡೆಸುವ, ಅಂದರೆ ಸವೆದ ಕಲ್ಲನ್ನು ಮತ್ತೆ ಒರಟು ಮಾಡಿಸುವ, ಬಾಬ್ತು ದಿನಕ್ಕೆ 40 ತೆಗೆದಿಡಿ. ಉಳಿಯುವುದು 120, ತಿಂಗಳಿಗೆ 25 ದಿನವಾದರೆ 3,000. ಸಾಲದ ಕಂತಿಗೆ ಅದು ಸಾಕಾದೀತು, ಸದಸ್ಯರಿಗೆ ಹಂಚುವುದಕ್ಕೆ ಏನೂ ಉಳಿಯದು. ಬೇಡವೆನ್ನುವವರ ಮಾತಿನಲ್ಲಿ ಇಷ್ಟು ಸತ್ಯವಿದೆ. ಆದ್ದರಿಂದ ಬೀಸುವ ಕೂಲಿಯನ್ನು ಮಾತ್ರ ನಂಬದೆ ಹುರಿಹಿಟ್ಟು, ಮೊಳಕೆ ರಾಗಿಯ ಹಿಟ್ಟು, ಸಾರಿನ ಪುಡಿಗಳನ್ನೂ ಮಾಡಿ ಮಾರಿ. ಖಾರಕ್ಕೆ ಮಾತ್ರ ಬೇರೆಯೇ ಸಣ್ಣ ಯಂತ್ರವಿರಲಿ, ಮಗುವಿನ ಅಂಬಲಿಗೆಂದು ಬಂದ ರಾಗಿಯಲ್ಲಿ ಮೆಣಸಿನ ಘಾಟು ಸೇರಿದರೆ ಗಿರಾಕಿ ಮತ್ತೆ ಬರುವುದಿಲ್ಲ. ಸಾಮೆ, ನವಣೆ ಬೆಳೆಯುವವರು ಹತ್ತಿರವಿದ್ದರೆ ಸಿಪ್ಪೆ ತೆಗೆಯುವ ಯಂತ್ರದ ಬಗ್ಗೆಯೂ ಯೋಚಿಸಿ. ರಾಗಿಯಂತೆ ನೇರವಾಗಿ ಹಿಟ್ಟು ಮಾಡಲು ಬಾರದ ಆ ಧಾನ್ಯಗಳನ್ನು ಕುಟ್ಟುವ ಕಷ್ಟಕ್ಕೇ ಬೆಳೆಯುವುದನ್ನು ಬಿಟ್ಟ ಮನೆಗಳು ಎಷ್ಟೋ ಇವೆ.

ಯಂತ್ರ ಕೊಳ್ಳುವಾಗ ಅದರ ಮುಂದೆ ನಿಲ್ಲುವವರು ಯಾರು ಎಂದು ನೆನೆದು ನೋಡಿ. ಸಾಮಾನ್ಯ ಗಿರಣಿಯಲ್ಲಿ ಕಾಳು ಸುರಿಯುವ ಬಾಯಿ ಎತ್ತರದ ಗಂಡಸಿನ ಎದೆಮಟ್ಟಕ್ಕೆ ಇರುತ್ತದೆ, ನಮ್ಮ ಹೆಂಗಸರಿಗೆ ಅದು ಹೆಗಲಿಗೋ ಕಿವಿಗೋ ಬರುತ್ತದೆ. ಇಪ್ಪತ್ತು ಕಿಲೋ ರಾಗಿಯನ್ನು ದಿನವಿಡೀ ಅಷ್ಟು ಎತ್ತರಕ್ಕೆ ಎತ್ತಿದರೆ ವರ್ಷದೊಳಗೆ ಭುಜ ಹಿಡಿದುಕೊಳ್ಳುತ್ತದೆ. ಗಿರಣಿಯ ಪಕ್ಕದಲ್ಲಿ ಮೊಳದೆತ್ತರದ ಗಟ್ಟಿ ಕಟ್ಟೆಯನ್ನು, ಜಾರದಂತೆ ಒರಟು ಸಿಮೆಂಟಿನಲ್ಲಿ, ಮೊದಲೇ ಕಟ್ಟಿಸಿ. ಮೋಟಾರು ಮತ್ತು ಗಿರಣಿಯ ನಡುವಿನ ಬೆಲ್ಟ್‌ಗೆ ಪೂರ್ತಿ ಮುಚ್ಚುವ ತಗಡಿನ ಮರೆ ಇಲ್ಲದಿದ್ದರೆ ಯಂತ್ರವನ್ನು ಅಂಗಡಿಯಿಂದ ಎತ್ತಲೇಬೇಡಿ. ಸೀರೆಯ ಸೆರಗು, ವೇಲು, ಜಡೆ ಬೆಲ್ಟಿಗೆ ಸಿಕ್ಕಿ ಪ್ರಾಣ ಹೋದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಗುಂಡಿ ಹಾಕುವ ಅಂಗಿ ತೊಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡೇ ಯಂತ್ರದ ಬಳಿ ಹೋಗಬೇಕು ಎಂಬುದನ್ನು ಸಂಘದ ನಿಯಮವಾಗಿಯೇ ಬರೆದುಕೊಳ್ಳಿ. ನಿಲ್ಲಿಸುವ ಗುಂಡಿ ನಿಂತಲ್ಲಿಂದಲೇ ಕೈಗೆಟುಕಬೇಕು, ಗೋಡೆಯ ಮೂಲೆಯಲ್ಲಿ ಇರಬಾರದು.

ವಿದ್ಯುತ್ತಿನ ವಿಷಯದಲ್ಲಿ, ನಿಮ್ಮ ಕಡೆ ವಿದ್ಯುತ್ ಸರಬರಾಜು ಮಾಡುವ ಸೆಸ್ಕ್ ನಿಗಮದ ಉಪವಿಭಾಗದ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಪಂಪ್‌ಸೆಟ್ಟಿನ ಮೂರು ಫೇಸ್ ಸಾಲಿನಲ್ಲಿ ಕರೆಂಟ್ ದಿನಕ್ಕೆ ಕೆಲವೇ ಗಂಟೆ ಇರುತ್ತದೆ. ಮನೆಗಳಿಗೆ ಪ್ರತ್ಯೇಕ ಸಾಲಿರುವ ಊರಾದರೆ ಸಿಂಗಲ್ ಫೇಸ್ ಮೋಟಾರು ಮೇಲು, ಹೆಂಗಸರು ರಾತ್ರಿ ಹೊತ್ತು ಗಿರಣಿಗೆ ಬಂದು ಕಾಯುವುದು ತಪ್ಪುತ್ತದೆ. ಮೀಟರ್ ಸಂಘದ ಹೆಸರಿನಲ್ಲೇ ಇರಲಿ. ಜಾಗ ಒಬ್ಬ ಸದಸ್ಯೆಯ ಮನೆಯದಾದರೆ ಬಾಡಿಗೆ ಕರಾರು ಬರೆಸಿ. ಸದಸ್ಯೆಯ ಮನೆಯವರು ಕ್ರಮೇಣ ಗಿರಣಿ ನಮ್ಮದೇ ಎಂದುಕೊಂಡು, ಬೀಗದ ಕೈ ಅವರ ಹತ್ತಿರವೇ ಉಳಿದು ಮುಳುಗಿಹೋದ ಸಂಘಗಳಿವೆ.

ಆಹಾರ ಸಂಸ್ಕರಣೆಯ ಸಣ್ಣ ಘಟಕಗಳಿಗಾಗಿ 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಸಾಲದ ಜೊತೆ ಕೇಂದ್ರದ ಶೇಕಡ 35ರ ಸಹಾಯಧನಕ್ಕೆ ನಮ್ಮ ರಾಜ್ಯ ಶೇಕಡ 15 ಸೇರಿಸಿ ಶೇಕಡ 50 ಕೊಡುತ್ತಾ ಬಂದಿದೆ. ಸ್ವಸಹಾಯ ಸಂಘದ ಸದಸ್ಯೆಯರಿಗೆ ದುಡಿಯುವ ಬಂಡವಾಳ ಮತ್ತು ಸಣ್ಣ ಸಾಧನಗಳಿಗೆ ತಲಾ 40,000 ರೂಪಾಯಿವರೆಗೆ ಬೀಜಧನದ ಅವಕಾಶವೂ ಅದರಲ್ಲಿತ್ತು. ಈ ವರ್ಷದ ನಿಯಮ ಹೇಗಿದೆ ಎಂಬುದನ್ನು ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಇಲ್ಲವೇ ತಾಲ್ಲೂಕು ಪಂಚಾಯಿತಿಯಲ್ಲಿರುವ ಸಂಜೀವಿನಿ ವಿಭಾಗದಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಹಿಟ್ಟು, ಪುಡಿಗಳ ತಯಾರಿಕೆಯ ತರಬೇತಿಯ ಬಗ್ಗೆ ಹಾಸನದ ಹತ್ತಿರ ಕಂದಲಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಯಂತ್ರ ಮಾರುವವರಿಂದ ಕನಿಷ್ಠ ಮೂರು ಕಡೆ ದರಪಟ್ಟಿ ತರಿಸಿ, ಅದರಲ್ಲಿ ಬೇರಿಂಗ್, ಬೆಲ್ಟ್, ಜರಡಿಯ ಬೆಲೆಯನ್ನೂ, ದುರಸ್ತಿಗೆ ಯಾವ ಊರಿನಿಂದ ಎಷ್ಟು ದಿನದೊಳಗೆ ಬರುತ್ತಾರೆ ಎಂಬುದನ್ನೂ ಬರೆಸಿಕೊಳ್ಳಿ. ಸಂಘದ ಇಬ್ಬರು ಸದಸ್ಯೆಯರಿಗೆ ಬೆಲ್ಟ್ ಬದಲಿಸುವುದನ್ನೂ ಕಲ್ಲು ಬಿಚ್ಚಿ ಜೋಡಿಸುವುದನ್ನೂ ಕಲಿಸಿಕೊಟ್ಟ ಮೇಲೆಯೇ ಕೊನೆಯ ಕಂತಿನ ಹಣ ಕೊಡುವುದೆಂದು ಅವರ ಜೊತೆ ಮೊದಲೇ ಮಾತಾಡಿಕೊಳ್ಳಿ.